ಪೇಸ್ಟಿನ ಡಬ್ಬಿಯಲ್ಲಿ ಎಲೆಯ ಸುಣ್ಣ

ಕಸ್ತೂರಿ, ಆ ಕಂಪ್ಯೂಟರ್ ಕೆಟ್ಟದ್ದು ನಿನ್ನ ಕೈಯಿಂದಲ್ಲ — ಈ ಅಜ್ಜಿಯ ಎಲೆಯಡಿಕೆ ಸುಣ್ಣದಿಂದ. ಇದನ್ನು ನುಂಗಿಕೊಂಡು ಇಷ್ಟು ದಿನ ನಿನ್ನ ಎದುರಿಗೇ ಕುಳಿತು ಉಂಡಿದ್ದೇನೆ.

ಆಗ ನೀನು ಸವಣೂರಿನ ನಮ್ಮ ಪಡಸಾಲೆಯಲ್ಲೇ ರಿಪೇರಿ ಮಾಡುತ್ತಿದ್ದೆ. ಫೋಟೋ ಸ್ಟುಡಿಯೋದವರ ಕಂಪ್ಯೂಟರ್ ಬಂದಿತ್ತು — ನಿನ್ನ ಮೊದಲ ದೊಡ್ಡ ಕೆಲಸ. ಪ್ರೊಸೆಸರಿನ ಕಾವು ಇಳಿಸುವ ಪೇಸ್ಟ್ ನೀನು ಎರಡು ತರಹದ್ದು ತಂದಿದ್ದೆ: ಬೂದು ಬಣ್ಣದ್ದು ಸಿರಿಂಜಿನಲ್ಲಿ, ಬಿಳಿಯದು ಡಬ್ಬಿಯಲ್ಲಿ. ಯಾವುದು ಹಚ್ಚಲಿ ಎಂದು ಮುಂಜಾನೆಯಿಂದ ಮೊಬೈಲ್ ನೋಡಿ ನೋಡಿ, ಕೊನೆಗೆ, “ಇದಕ್ಕ ಬಿಳೀದ ಸಾಕು ಬೇ ಆಯಿ. ನೀ ಎಲಿಗೆ ಸುಣ್ಣ ಹಚ್ತಿಯಲ್ಲ, ಹಂಗ ತೆಳ್ಳಗ ಹಚ್ಚಿದ್ರಾತು” ಎಂದು ನಕ್ಕೆ.

ನೀನು ಉಣ್ಣಲು ಎದ್ದಾಗ ನಾನು, ನನ್ನ ಸುಣ್ಣವೆಂದೇ ತಿಳಿದು, ಆ ಡಬ್ಬಿಗೆ ಬೆರಳದ್ದಿದೆ. ಮೂಗಿಗೆ ಸುಣ್ಣದ್ದಲ್ಲದ ವಾಸನೆ ಬಡಿಯಿತು. ಗಾಬರಿಯಲ್ಲಿ ಡಬ್ಬಿ ಕೈಜಾರಿ ಉಳಿದದ್ದೂ ಮಣ್ಣಾಯಿತು. ಹೇಳಬಹುದಿತ್ತು — ಬೂದು ಬಣ್ಣದ್ದು ಇತ್ತಲ್ಲ. ಮುದುಕಿಗೆ ಕಣ್ಣು ಹೋದವು ಎಂದು ಮನೆಮಂದಿಯೆಲ್ಲ ನಗುತ್ತಾರೆಂಬ ನಾಚಿಕೆ. ನನ್ನ ಸುಣ್ಣಕ್ಕೇ ನಾಲ್ಕು ಹನಿ ಎಣ್ಣೆ ಕಲಸಿ ತುಂಬಿಟ್ಟೆ. ಬಿಳಿಯದಕ್ಕೆ ಬಿಳಿಯದು — ನಾಲ್ಕನೇ ಇಯತ್ತೆ ಓದಿದವಳಿಗೆ ಹೊಳೆದದ್ದು ಅಷ್ಟೇ.

ನೀನು ತಿಳಿಯದೆ ಅದನ್ನೇ ಹಚ್ಚಿ ಕೊಟ್ಟೆ. ವಾರದೊಳಗೆ ಕಂಪ್ಯೂಟರ್ ಕಾದು ಕಾದು ನಿಂತೇಹೋಯಿತು. ಸ್ಟುಡಿಯೋದವನು ಬಾಗಿಲಲ್ಲೇ ನಿಂತು, “ಹುಡುಗಿ ಕೈಯಾಗ ಕೊಟ್ಟಿದ್ದು ನಮ್ಮ ತಪ್ಪು ಬಿಡ್ರಿ” ಅಂದ. ನೀನು ನನ್ನ ಕಡೆ ನೋಡಿದೆ. ನಾನು — ಬರೆಯಲು ಕೈ ಏಳುತ್ತಿಲ್ಲ — “ಹೋಗ್ಲಿ ಬಿಡವ್ವ, ಇದು ನಿನ್ನ ಕೈಲಾಗೋ ಕೆಲಸಲ್ಲ” ಅಂದೆ.

ಅಂದೇ ನೀನು ಸ್ಕ್ರೂಡ್ರೈವರುಗಳನ್ನು ನನ್ನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟೆ. ಆ ಗಂಟು ಬಿಚ್ಚಲು ಎರಡು ವರ್ಷ ಹಿಡಿಯಿತು.

ನಾಳೆ ಹಿರೇಕೆರೂರಿನಲ್ಲಿ ನಿನ್ನದೇ ಅಂಗಡಿ ಶುರು. ಬೋರ್ಡಿನ ಮೇಲೆ ನಿನ್ನ ಹೆಸರನ್ನು ನಾನು ಬೆರಳಿಟ್ಟು ಏಳು ಸಲ ಓದಿದೆ. ಹಿಗ್ಗು ತಡೆಯಲಾಗದೆ ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. ಆಗ ನೀನು ಹೊಸ ಸಿರಿಂಜ್ ತೋರಿಸಿ, “ಮೊದಲನೇ ಕಂಪ್ಯೂಟರಿಗೆ ನೀನ ಹಚ್ಚಬೇಕು ಆಯಿ. ಇಷ್ಟು ತೆಳ್ಳಗ ಹಚ್ಚೋ ಕೈ ತಾಲೂಕಿನ್ಯಾಗ ಇಲ್ಲ” ಅಂದೆ.

ಹೂಂ ಅಂದುಬಿಟ್ಟೆ. ಅಂದವಳೇ ಈ ಕಾಗದ ಬರೆಯಲು ಕುಳಿತೆ.

ಇದನ್ನು ಓದಿದ ಮೇಲೂ ನನ್ನ ಕೈಗೆ ಕೊಡುತ್ತೀಯೋ — ಕೇಳುವುದಿಲ್ಲ. ನಾಳೆ ನಿನ್ನ ಅಂಗಡಿಯ ಹೊರಗೆ, ಚಪ್ಪಲಿ ಬಿಡುವಲ್ಲಿ ನಿಂತಿರುತ್ತೇನೆ. ನೀನು ಕರೆಯದೆ ಹೊಸ್ತಿಲು ದಾಟುವುದಿಲ್ಲ.