ಮಾಮಿ ಬೈಯದ ಮೂರು ತಿಂಗಳು

ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದೆ. ನರ್ಸ್ ಪುಟ್ಟ ದಿಂಬೊಂದನ್ನು ಕೊಟ್ಟು, ಕೆಮ್ಮು ಬಂದರೆ ಹೊಟ್ಟೆಗೆ ಒತ್ತಿಕೊಳ್ಳಿ ಎಂದಳು. ಹೊಸ ಹತ್ತಿಯ ವಾಸನೆ... ಮುಂಬಯಿ ಬಳಿಯ ಡೊಂಬಿವಲಿಯ ಚಾಳ್‌ನಲ್ಲಿ ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲಿದ್ದ ಮಾಮ ನೆನಪಾದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ವಿಜಾಪುರದಿಂದ ಬಂದವಳು. ಮಾಮ, ಮಾಮಿ ಉಡುಪಿ ಕಡೆಯವರು. ಮಾಮ ಠಾಣೆ ಊರಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಮಾಮಿಯ ಬಾಯಿ ಜೋರು. ಅವರು ಬೈದಷ್ಟೂ ಮಾಮ ನಗುತ್ತಿದ್ದರು.

"ರಿಪೇರಿಗೆ ಕೊಂಡುಹೋದ ಕೊಡೆಯನ್ನು ಲೋಕಲ್ ಟ್ರೇನಲ್ಲಿ ಬಿಟ್ಟು ಬಂದ್ರಾ? ನಾಳೆಯಿಂದ ಅದಕ್ಕೂ ಒಂದು ಪಾಸು ತೆಗೆಸಿ" ಎಂದು ಮಾಮಿ ರೇಗಿದ ದಿನ ಮಾಮ ನಕ್ಕು ನಕ್ಕು ಬಾಗಿಲಲ್ಲೇ ಕುಸಿದು ಕೂತಿದ್ದರು. ಇದರಲ್ಲಿ ನಗುವಂಥದ್ದೇನಿದೆ ಎಂಬುದು ಮಾಮಿಗೆ ಕಡೆಯವರೆಗೂ ತಿಳಿಯಲಿಲ್ಲ.

ಹಿಟ್ಟಿನ ಪಾತ್ರೆ ಎತ್ತಿ ಎತ್ತಿ ಮಾಮನಿಗೆ ಹರ್ನಿಯಾ ಆಯಿತು. ಒಮ್ಮೆ ಹೊಲಿದದ್ದು ಬಿಟ್ಟುಕೊಂಡಿತು. ಎರಡನೆಯ ಸಲ ಡಾಕ್ಟರು ಪ್ಲಾಸ್ಟಿಕ್ ನೂಲಿನ, ಬಲೆಯಂಥ ಜಾಳಿ ಇಟ್ಟು ಹೊಲಿದರು. ಅದರ ಒಂದು ತುಣುಕನ್ನು ಮಾಮಿಯ ಕೈಗೇ ಕೊಟ್ಟು ಎಳೆದು ನೋಡಲು ಹೇಳಿದರಂತೆ. ಉದ್ದಕ್ಕೆ ಎಳೆದರೆ ಹಿಗ್ಗಿತು, ಅಡ್ಡಕ್ಕೆ ಎಳೆದರೆ ಜಗ್ಗಲಿಲ್ಲ. ಜಾಳಿಯ ಕಣ್ಣುಗಳಲ್ಲಿ ಮಾಂಸ ಬೆಳೆದು ಹಿಡಿಯುವವರೆಗೆ ಭಾರ ಎತ್ತುವಂತಿಲ್ಲ, ಕೆಮ್ಮು, ಜೋರು ನಗು ಕೂಡ ಅದನ್ನು ಎಳೆಯುತ್ತವೆ, ಮತ್ತೆ ಬಿಟ್ಟುಕೊಂಡರೆ ಕಷ್ಟ ಎಂದರು.

ಮಾಮಿ ಅಂದೇ ಬಾಯಿಗೆ ಬೀಗ ಹಾಕಿಕೊಂಡರು. ಹಾಲು ಉಕ್ಕಿದರೂ ಮಾತಿಲ್ಲ. ಗೋಡೆಯಾಚೆ ಮನೆಯೇ ಇಲ್ಲವೇನೋ ಅನ್ನಿಸುತ್ತಿತ್ತು. ಮಾಮ ಹೊಟ್ಟೆಗೆ ಹೊಸ ಹತ್ತಿಯ ದಿಂಬು ಒತ್ತಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು.

"ಅವಳಿಗೆ ಒಂದು ಸಲ ಬೈಲಿಕ್ಕೆ ಹೇಳು ಮಾರಾಯ್ತಿ. ಮನೆಯಲ್ಲಿ ಕೂರ್ಲಿಕ್ಕೆ ಆಗುದಿಲ್ಲ."

"ಸುಮ್ನ ಕೂಡ್ರಿ ಮಾಮಾ. ಜಾಳಿ ಹರದ್ರ ಮಾಮಿ ನನ್ನ ಬಿಡ್ತಾರೇನು?"

ಮೂರು ತಿಂಗಳಾದ ಮೇಲೆ ಡಾಕ್ಟರು ಜಾಳಿ ಹಿಡಿದಿದೆ ಎಂದರು. ಆಸ್ಪತ್ರೆಯಿಂದ ಬಂದು ಮೆಟ್ಟಿಲು ಹತ್ತುವಾಗಲೇ ಮಾಮಿ ಶುರು ಮಾಡಿದರು. "ದಿನಾ ಲುಂಗಿ ಉಲ್ಟಾ ಉಡ್ತೀರಿ. ನೋಡಿಯೂ ನೋಡದ ಹಾಗೆ ಇದ್ದೆ, ನನ್ನ ಕರ್ಮ." ಮಾಮನ ನಗು ಕೇಳಿ ಚಾಳ್‌ನವರೆಲ್ಲ ಹೊರಗೆ ಬಂದೆವು.

ಆಮೇಲೆ ಅವರು ಮನೆ ಬದಲಿಸಿ ಬದಲಾಪುರಕ್ಕೆ ಹೋದರು. ಇಬ್ಬರಲ್ಲಿ ಮೊದಲು ತೀರಿಕೊಂಡವರು ಮಾಮಿ. ಮಾಮನನ್ನು ಮಾತಾಡಿಸಲು ಹೋದವಳಿಗೆ ಏನು ಕೇಳಬೇಕೋ ತೋಚದೆ, ಹೊಟ್ಟೆ ಹೇಗಿದೆ ಎಂದೆ.

"ಜಾಳಿ ಗಟ್ಟಿ ಉಂಟು. ಅದಕ್ಕೀಗ ಕೆಲಸವೇ ಇಲ್ಲ" ಎಂದರು ಮಾಮ.

ಈಗ ಅವರೂ ಇಲ್ಲ... ನನ್ನ ಹೊಟ್ಟೆಯಲ್ಲೂ ಅಂಥದೇ ಜಾಳಿ. ನಗಬೇಡಿ ಎಂದಿದ್ದಾರೆ. ಗೋಡೆಯಾಚೆಯಿಂದ ಮಾಮಿ ಒಮ್ಮೆ ರೇಗಲಿ, ಮಾಮ ನಗಲಿ, ನನ್ನ ಹೊಲಿಗೆ ಬಿಟ್ಟುಹೋದರೂ ಹೋಗಲಿ ಅನ್ನಿಸುತ್ತದೆ.