ಸೇತುವೆಗೆ ಬಳಿದ ಕುಂಕುಮ

ಮೊನ್ನೆ, ಆಯುಧಪೂಜೆಯ ಮರುದಿನ, ಪಾಂಡವಪುರದಲ್ಲಿ ಮೈಸೂರಿನ ರೈಲು ಹತ್ತುವಾಗ ಅಂಗೈಗೆ ಏನೋ ಅಂಟಿತು. ಬಾಗಿಲ ಹಿಡಿಗೆ ಯಾರೋ ಅರಿಶಿನ-ಕುಂಕುಮ ಮೆತ್ತಿದ್ದರು. ಕಣ್ಣಿಗೊತ್ತಿಕೊಳ್ಳುವ ಬದಲು ಕರವಸ್ತ್ರದಿಂದ ಗಸಗಸ ಒರೆಸಿಕೊಂಡೆ. ಹಿಂದೆ ಹತ್ತುತ್ತಿದ್ದ ಅಜ್ಜಿ ನನ್ನನ್ನು ನೋಡಿದ ನೋಟವಿದೆಯಲ್ಲ, ನೀವಿದ್ದಿದ್ದರೆ ನೀವೂ ಹಾಗೆಯೇ ನೋಡುತ್ತಿದ್ದಿರಿ. ಸ್ವಲ್ಪ ತಾಳಿ, ಹೇಳುತ್ತೇನೆ.

ನಾನು ರೈಲು ಸೇತುವೆಗಳ ಪರೀಕ್ಷಕನಾಗಿದ್ದವನು. ತೊಲೆಗಳನ್ನು ಬಿಗಿದ ರಿವೆಟ್ಟುಗಳನ್ನು ಸುತ್ತಿಗೆಯಲ್ಲಿ ತಟ್ಟಿ ಸದ್ದು ಆಲಿಸುತ್ತಾ, ರೋಗಿಯ ಎದೆಬಡಿತ ಕೇಳುವ ಡಾಕ್ಟರ ಗತ್ತಿನಲ್ಲಿ ತಿರುಗುತ್ತಿದ್ದೆ. ಇದೇ ದಾರಿಯಲ್ಲಿ ನಾಲೆಯ ಮೇಲೊಂದು ಹಳೆಯ ಕಬ್ಬಿಣದ ಸೇತುವೆಯಿತ್ತು. ಅದರ ತೊಲೆಯ ಒಂದು ತುದಿಗೆ ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಪ್ರತಿ ಆಯುಧಪೂಜೆಗೂ ಅರಿಶಿನ-ಕುಂಕುಮ ಬಳಿಯುತ್ತಿದ್ದರು. ಹಳೆಯದನ್ನು ತೊಳೆಯುವ ಪದ್ಧತಿಯಿಲ್ಲ. ವರ್ಷವರ್ಷವೂ ಅದರ ಮೇಲೇ ಇನ್ನೊಂದು ಪದರ. ಬಣ್ಣ ಹೊಡೆಯುವವರೂ ಅಷ್ಟು ಜಾಗ ಬಿಟ್ಟೇ ಹೊಡೆಯುತ್ತಿದ್ದರು. ನಾನೋ, ಅಲ್ಲಿಗೆ ಬಂದೊಡನೆ ಬೂಟು ಕಳಚಿ, ಕೈಮುಗಿದು, ಸುತ್ತಿಗೆ ತಾಕಿಸದೆ ಮುಂದೆ ಹೋಗುತ್ತಿದ್ದೆ. ದೇವರಿಗೆ ಸುತ್ತಿಗೆಯಲ್ಲಿ ಹೊಡೆಯುವುದುಂಟೇ?

ಒಂದು ಬೆಳಿಗ್ಗೆ, ಮಳೆ ನಿಂತ ಮೇಲೆ ಹೋದರೆ, ಆ ಜಾಗದಿಂದ ಕೆಂಪನೆಯ ಗೆರೆಯೊಂದು ಕೆಳಗಿಳಿದಿತ್ತು. "ಕುಂಕುಮ ಕರಗಿದೆ," ಎಂದೆ. ಗ್ಯಾಂಗಿನ ಮೇಸ್ತ್ರಿ, ಕ್ಯಾತನಹಳ್ಳಿಯ ನಿಂಗಪ್ಪ, ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿದ.

"ಕುಂಕುಮ ಅಲ್ಲ ಕಣ್ ಸಾ. ತುಕ್ಕು."

ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಗೇಣುದ್ದದ ಬಿರುಕು. ನನ್ನ ಉಗುರು ಒಳಗೆ ಹೋಯಿತು.

"ಸಾ, ಬೆಳಗಿನ್ ಗಾಡಿ ಬತ್ತದೆ! ನನ್ ಮಗ್ಳು ಕಾಲೇಜಿಗೆ ಓಗೋದು ಅದ್ರಲ್ಲೇ!" ಎಂದವನೇ ನಿಂಗಪ್ಪ ಕೆಂಪು ಬಾವುಟ ಹಿಡಿದು ಓಡಿದ. ನಾನೂ ಅವನ ಹಿಂದೆ ಬರಿಗಾಲಲ್ಲೇ ಓಡಿದೆ.

ಗಾಡಿ ಸೇತುವೆಗಿಂತ ತುಸು ಹಿಂದೆ ನಿಂತಿತು. ಕಿಟಕಿಯಿಂದ ಹುಡುಗಿಯೊಬ್ಬಳು ಇಣುಕಿದಳು. "ಅಪ್ಪಾ, ಯಾಕ್ ನಿಲ್ಲಿಸ್ಬುಟ್ಟೆ? ಪರೀಕ್ಷೆ ಅದೆ ಕಣಪ್ಪಾ!"

"ಏನಿಲ್ಲ ಕಣವ್ವಾ, ಕುಂತ್ಕೊ," ಎಂದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿನ್ನೇನೂ ಇದ್ರ ಮ್ಯಾಲೇ ಓಗವ್ಳೆ ಸಾ," ಎಂದ.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ತೊಲೆ ತೆಗೆದು ಹೊಸದು ಹಾಕಿ ವರ್ಷಗಳಾದವು. ನನಗೆ ನಿವೃತ್ತಿಯೂ ಆಯಿತು. ಮೊನ್ನೆ ಗಾಡಿ ನಾಲೆ ದಾಟುವಾಗ, ಎದುರಿಗೇ ಕೂತಿದ್ದ ಆ ಅಜ್ಜಿ, "ಯಾಕಪ್ಪಾ, ಕಾಲ್ ನೋಯ್ತವಾ?" ಎಂದು ಕೇಳಿದಳು. ನೋಡಿಕೊಂಡೆ. ಸೇತುವೆಗೆ ನನ್ನ ಭಾರವಾದರೂ ಕಡಿಮೆಯಾಗಲೆಂದೋ ಏನೋ, ಎರಡೂ ಕಾಲು ನೆಲದಿಂದ ಮೇಲೆತ್ತಿಕೊಂಡು ಕುಳಿತಿದ್ದೆ.