ನೀರಿಲ್ಲ ಅಂದ ಚಿಕ್ಕಲಕ್ಷ್ಮಮ್ಮ

ಚಿಕ್ಕಲಕ್ಷ್ಮಮ್ಮನನ್ನು ನಾನು ಮೊದಲು ಕಂಡದ್ದು ಪಾಳ್ಯದ ಕೆರೆಯ ಮೆಟ್ಟಿಲ ಮೇಲೆ, ಆಕೆಯಿಂದ ಬೈಸಿಕೊಳ್ಳುತ್ತಾ. ನಮ್ಮ ಯಜಮಾನರಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತ್ತು. ಜಗಳೂರು ಸೀಮೆಯಿಂದ ಬಂದು ಮೂಡಲಪಾಳ್ಯದ ಹತ್ತಿರ ಒಂದು ಹೆಂಚಿನ ಮನೆ ಹಿಡಿದಿದ್ದೆವು. ಬಂದು ಇನ್ನೂ ವಾರವಾಗಿರಲಿಲ್ಲ. ನಮ್ಮದು ಬಯಲುಸೀಮೆ, ಅಷ್ಟು ನೀರನ್ನು ಒಂದೇ ಕಡೆ ನೋಡಿ ಗೊತ್ತಿಲ್ಲದವಳು ನಾನು. ಕಲ್ಲು ನುಣ್ಣಗಿದೆಯಲ್ಲ ಎಂದು ಅಲ್ಲೇ ಕೂತು ಬಟ್ಟೆಗೆ ಸೋಪು ಹಚ್ಚಿದೆ.

“ಯಾರವ್ವ ಅದು, ಊರೋರ ಬಾಯಿಗೆ ಸೋಪು ಆಕ್ತಿರೋಳು?”

ಏರಿಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು, ಸೊಂಟದಲ್ಲಿ ಖಾಲಿ ಬಿಂದಿಗೆ. ಎಳೆ ವಯಸ್ಸಲ್ಲ, ಮುದುಕಿಯೂ ಅಲ್ಲ.

“ಇದು ಕುಡಿಯೋ ನೀರಿನ ಕಲ್ಲು. ಒಗೆಯೋದು ಆ ಕೋಡಿ ತಾವ. ದನ ತೊಳೆಯೋದು ಅದ್ಕೂ ಆಚೆ. ಯಾವೂರವ್ವ ನಿಂದು?”

“ಜಗಳೂರು ಕಡೆ ಯಕ್ಕಾ, ಗೊತ್ತಾಗಲಿಲ್ಲ.”

“ಅಂಗನ್ನು. ನೀರು ಕಂಡು ತಲೆ ಕೆಟ್ಟೈತೆ,” ಎಂದು ನಕ್ಕಳು. ನನ್ನ ಒದ್ದೆ ಗಂಟನ್ನು ತಾನೇ ಎತ್ತಿಕೊಂಡು, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಆ ಕೋಡಿಯ ಕಡೆ ನಡೆದಳು. ನಾನು ಹಿಂದೆ ಹೋದೆ. ಅಂದಿನಿಂದ ನನಗೆ ಈ ಊರಿನಲ್ಲಿ ಒಬ್ಬ ಅಕ್ಕ ಆದಳು.

ಆಕೆ ಪಾಳ್ಯಕ್ಕೆ ಸೊಸೆಯಾಗಿ ಬಂದಾಗ ಸೀರೆ ಸುತ್ತಲೂ ಬರುತ್ತಿರಲಿಲ್ಲವಂತೆ. ಗಂಡ ಬೇಗ ತೀರಿಕೊಂಡ. ಮಕ್ಕಳಿಲ್ಲ. ಮೈದುನ ದೊಡ್ಡಣ್ಣನ ಮನೆಯಲ್ಲಿ ಕಳೆ ಕಿತ್ತು, ನಾಟಿ ಹಾಕಿ, ಅವನ ಮಕ್ಕಳನ್ನು ಸಾಕಿ ಇದ್ದಳು. ದೊಡ್ಡಣ್ಣ ಕೆಟ್ಟವನಲ್ಲ. ಅತ್ತಿಗೆ ಉಣ್ಣದೆ ತಾನು ಉಂಡವನಲ್ಲ. ಕೆರೆಯ ಕೆಳಗೆ ಮೊದಲ ಗದ್ದೆ ಅವನದೇ. ತೂಬು ಎತ್ತಿದರೆ ನೀರು ಮೊದಲು ಅವನ ಬದುವನ್ನೇ ಮುಟ್ಟುತ್ತಿತ್ತು.

ಆಗ ರಾಜಾಜಿನಗರದ ಕಡೆಯಿಂದ ಹೊಸ ಮನೆಗಳು ಒಂದೊಂದಾಗಿ ನಮ್ಮ ಕಡೆಗೆ ನಡೆದು ಬರುತ್ತಿದ್ದ ಹಾಗಿತ್ತು. ಆ ಮನೆಗಳ ಚರಂಡಿಯನ್ನು ತಂದು ಕೆರೆಗೆ ಬಿಡುತ್ತಾರೆಂದು ಸುದ್ದಿಯಾಯಿತು. ನಮ್ಮ ಬೀದಿಯ ಗಂಗಾಧರಯ್ಯನವರು, ಯಾವುದೋ ಆಫೀಸಿನಲ್ಲಿ ಗುಮಾಸ್ತರು, ಹಳ್ಳಿಯವರನ್ನೂ ಹೊಸಬರನ್ನೂ ಸೇರಿಸಿ ಕೆರೆಗೆಂದೇ ಒಂದು ಅಸೋಸಿಯೇಷನ್ ಕಟ್ಟಿದರು. ಚಿಕ್ಕಲಕ್ಷ್ಮಮ್ಮ ಅದನ್ನು ಅಸೋಸನ್ನು ಅನ್ನುತ್ತಿದ್ದಳು. ಭಾನುವಾರ ಗಂಡಸರು ಜೊಂಡು ಕೀಳುತ್ತಿದ್ದರು. ಕುಡಿಯುವ ಕಲ್ಲಿನ ಹತ್ತಿರ ಎಮ್ಮೆ ಬಾರದ ಹಾಗೆ ಕಾಯುವುದು ಆಕೆ. ಅದಕ್ಕೆ ಯಾರೂ ಆಕೆಯನ್ನು ನೇಮಿಸಿರಲಿಲ್ಲ. ಎಮ್ಮೆಯವನಿಗೆ ಬೈಯುವುದು ಕೇಳಿದರೆ ಎಮ್ಮೆಯೇ ನಾಚಿ ತಿರುಗಬೇಕು.

ಚರಂಡಿ ಬೇಡವೆಂದು ಗಂಗಾಧರಯ್ಯನವರು ಬಡಾವಣೆಯ ಕಚೇರಿಗೆ ಅರ್ಜಿ ಕೊಟ್ಟರು. ಕೆರೆಯನ್ನು ನೋಡಿಹೋಗಲು ಒಬ್ಬ ಅಧಿಕಾರಿ ಬಂದರು. ಮೊದಲೇ ತಿಳಿಸಿ ಬಂದಿದ್ದರೆ ಆಗುತ್ತಿತ್ತು. ಬಂದದ್ದು ಬೇಸಿಗೆಯ ಮಧ್ಯಾಹ್ನ, ಗಂಗಾಧರಯ್ಯನವರು ಆಫೀಸಿನಲ್ಲಿದ್ದಾಗ. ಜೀಪು ನಿಂತದ್ದು ಕೋಡಿಯ ಕಡೆ. ಅಲ್ಲಿ ಆಳೆತ್ತರ ಜೊಂಡು, ಅದರಾಚೆ ಇದ್ದ ನೀರು ಕಾಣುವುದಿಲ್ಲ. ನಾವಿಬ್ಬರೂ ಅಲ್ಲಿ ಕಂಬಳಿ ಒಗೆದು ಹರವುತ್ತಿದ್ದೆವು.

“ಏನಮ್ಮ, ಈ ಕೆರೆಯಲ್ಲಿ ನೀರಿರುತ್ತಾ?” ಎಂದು ಅಧಿಕಾರಿ ಕೇಳಿದರು.

“ನೀರೆಲ್ಲಿ ಬಂತು ಸ್ವಾಮಿ? ಮಳೆ ಬಂದ್ರೆ ನಾಕು ದಿನ ನಿಲ್ತದೆ. ಆಮೇಲೆ ಒಣಗೋಯ್ತದೆ.”

“ಗದ್ದೆಗೆ?”

“ಗದ್ದೆಗೆಲ್ಲಿ! ಮಳೆ ನಂಬ್ಕೊಂಡು ರಾಗಿ ಚೆಲ್ತೀವಿ ಅಷ್ಟೇಯ.”

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಕಂಬಳಿಯ ಕೆಳಗೆ ನನ್ನ ಕೈ ಚಿವುಟಿದಳು. ಅಧಿಕಾರಿ ಬರೆದುಕೊಂಡು ಜೀಪು ಹತ್ತಿದರು. ಧೂಳು ಇಳಿದ ಮೇಲೆ ಆಕೆಗೆ ಸಂತೋಷವೋ ಸಂತೋಷ.

“ನಮ್ಮತ್ತೆ ಕಲಿಸಿದ್ದು ಕಣವ್ವ ಬಸವ್ವ. ಟೋಪಿ ಆಕ್ಕೊಂಡೋನು ಬಂದು ಕೆರೆ ಇಚಾರ ಕೇಳಿದ್ರೆ ನೀರಿಲ್ಲ ಅನ್ಬೇಕು. ನೀರೈತೆ ಅಂದ್ರೆ ಗದ್ದೆ ತರಿ ಆಯ್ತದೆ, ಕಂದಾಯ ಏರ್ತದೆ. ಇಲ್ಲ ಅಂದ್ರೆ ಖುಷ್ಕಿ, ಮಳೆ ಹೊಲದ ಕಂದಾಯ ಅಷ್ಟೇಯ.”

ಆ ಹಳ್ಳಿಯಲ್ಲಿ ಅಜ್ಜಂದಿರ ಕಾಲದಿಂದಲೂ ಹಾಗೆ. ಕೆರೆ ತುಂಬಿ ಏರಿಗೆ ಬಡಿಯುತ್ತಿದ್ದರೂ ಸರ್ಕಾರದವರ ಮುಂದೆ ಅದು ಒಣಗಿದ ಕೆರೆ. ಎಷ್ಟೋ ಗದ್ದೆಗಳು ಲೆಕ್ಕದಲ್ಲಿ ಇನ್ನೂ ಮಳೆಯ ಹೊಲಗಳೇ.

ಸಂಜೆ ಗಂಗಾಧರಯ್ಯನವರಿಗೆ ಇದನ್ನು ಹೆಮ್ಮೆಯಿಂದ ಹೇಳಿದಳು. ಅವರು ಕೊಡೆಯನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತುಬಿಟ್ಟರು.

“ಅಮ್ಮಾ, ಅವರು ಕಂದಾಯದವರಲ್ಲ. ಕೆರೆ ಬದುಕಿದೆಯೋ ಇಲ್ಲವೋ ನೋಡೋಕೆ ಬಂದವರು. ನೀರಿಲ್ಲದ ಕೆರೆ ಅಂದರೆ ಚರಂಡಿ ಯಾಕೆ, ಮಣ್ಣು ತುಂಬಿ ಸೈಟೇ ಮಾಡ್ತಾರೆ.”

ಆಕೆ ನಗುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. “ಮಣ್ಣು ಅಂದ್ರೆ? ಎಲ್ಲಿಗೆ?” ಎಂದಳು.

ಅವರಂದ ಹಾಗೆಯೇ ಆಯಿತು. ಕೆರೆ ಬತ್ತಿದ್ದು, ಮುಚ್ಚಬಹುದು, ಸ್ಥಳದವರೇ ಹೇಳಿದ್ದಾರೆ ಎಂದು ಕಚೇರಿಯಿಂದ ಜವಾಬು ಬಂತು. ಗಂಗಾಧರಯ್ಯನವರು ಅಲೆದೂ ಅಲೆದೂ ಇನ್ನೊಂದು ಸಲ ಬಂದು ವಿಚಾರಿಸಲು ಒಪ್ಪಿಸಿದರು. ಆದರೆ ಅಲ್ಲಿಯವರು ಒಂದು ಮಾತು ಅಂದಿದ್ದರಂತೆ: ಅರ್ಜಿ ಕೊಟ್ಟವರ ಮಾತು ಬೇಡ, ಅವತ್ತು ಹೇಳಿದ ಹೆಂಗಸೇ ಹೇಳಲಿ.

ಆಮೇಲೆ ಚಿಕ್ಕಲಕ್ಷ್ಮಮ್ಮನಿಗೆ ಅನ್ನ ಸೇರಲಿಲ್ಲ. ಬಿಂದಿಗೆ ಮುಳುಗಿಸಿ ಎತ್ತುವುದನ್ನು ಮರೆತು ನಿಲ್ಲುತ್ತಿದ್ದಳು. ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ಕೂರುತ್ತಿದ್ದಳು.

“ಸುಳ್ಳು ಯೋಳಿದ್ದಕ್ಕೆ ಜೈಲಿಗೆ ಆಕ್ತಾರಾ ಬಸವ್ವ?”

“ಇಲ್ಲ ಬಿಡಕ್ಕಾ.”

“ಜೈಲಾದ್ರೂ ವಾಸಿ. ಮುದ್ದೆ ಆಕ್ತಾರಂತೆ. ನಮ್ಮ ಮನೇಲಿ ಏನ್ ಮಾಡ್ಲಿ?”

ಮನೆಯಲ್ಲಿ ದೊಡ್ಡಣ್ಣ ಖಡಾಖಂಡಿತವಾಗಿ ಹೇಳಿದ್ದ. ನಾನು ಅಂದು ರಾಗಿ ಹಿಟ್ಟು ತರಲು ಹೋಗಿದ್ದೆ, ನನ್ನ ಎದುರಿಗೇ ಹೇಳಿದ.

“ಕೆರೆ ಮುಚ್ತೀವಿ ಅಂತ ಸರ್ಕಾರದೋರು ಅಂತಾನೇ ಇರ್ತಾರೆ ಅತ್ತಿಗೆ. ಮಂಕರಿಲಿ ಮುಚ್ಚೋಕೆ ಅದೇನು ಹೇಂಟೆನಾ? ನೀನು ನೀರೈತೆ ಅಂದ್ರೆ ಊರ ಗದ್ದೆಯೆಲ್ಲಾ ತರಿಗೆ ಬೀಳ್ತದೆ. ಊರೋರು ನನ್ನ ಬಾಗಿಲಿಗೆ ಬತ್ತಾರೆ. ಬಾಯಿ ಬಿಟ್ಟೆಯೋ, ನಮ್ಮನೆ ಹೊಸಿಲು ತುಳೀಬ್ಯಾಡ.”

ಆಕೆ ಮೊರದಲ್ಲಿದ್ದ ಒಣ ಅವರೆಕಾಯಿಯನ್ನು ಸುಲಿಯುತ್ತಲೇ ಇದ್ದಳು. ಸಿಪ್ಪೆಯ ಕಡೆಗೆ ಕಾಳು, ಕಾಳಿನ ಕಡೆಗೆ ಸಿಪ್ಪೆ ಬೀಳುತ್ತಿತ್ತು.

ಅಧಿಕಾರಿ ಬಂದ ದಿನ ಊರೆಲ್ಲ ಏರಿಯ ಮೇಲೆ. ಗಂಗಾಧರಯ್ಯನವರು ಕೋಟು ಹಾಕಿಕೊಂಡಿದ್ದರು. ಈ ಸಲ ಅಧಿಕಾರಿಯನ್ನು ತೂಬಿನ ಕಡೆ ಕರೆತಂದರು. ಬೇಸಿಗೆಯಾದರೂ ನೀರು ಕಾಣುತ್ತಿತ್ತು. ಅವರು ನೋಡಿದರು, ಆದರೆ ಒಪ್ಪಲಿಲ್ಲ.

“ಮೊನ್ನೆ ಒಂದು ಮಳೆ ಬಂತಲ್ಲ, ಆ ನೀರಿರಬಹುದು. ನೀವೇ ತಾನೇ ಅಮ್ಮ ನಾಲ್ಕು ದಿನದಲ್ಲಿ ಒಣಗುತ್ತೆ ಅಂದದ್ದು?”

ಆಕೆ ಸೆರಗು ಹಿಂಡುತ್ತಾ ನಿಂತಳು. ಹೆಗಲ ಟವೆಲ್ಲನ್ನು ಹಿಡಿದು ದೊಡ್ಡಣ್ಣ ಎದುರಿಗೇ ನಿಂತಿದ್ದ. ಅಧಿಕಾರಿ ಜೀಪಿನ ಕಡೆ ತಿರುಗಿದರು. ಈಗ ಹೋದರೆ ಮತ್ತೆ ಬರುವವರಲ್ಲ.

“ಸುಳ್ಳು ಸ್ವಾಮಿ,” ಎಂದಳು. “ಅವತ್ತು ಯೋಳಿದ್ದು ಸುಳ್ಳು. ನಾನು ಈ ಊರಿಗೆ ಬಂದ ಮೇಲೆ ಈ ಕೆರೆ ಒಣಗಿದ್ದು ನೋಡಿಲ್ಲ. ಕುಡಿಯೋದು ಇದೇಯ, ಉಣ್ಣೋದು ಇದ್ರದ್ದೇಯ.”

“ಅಂದರೆ ಗದ್ದೆಗೆ ನೀರು ಹರಿಯುತ್ತೆ?”

“ಅರೀತದೆ.”

“ಯಾರ ಗದ್ದೆಗೆ?”

ಆಕೆ ದೊಡ್ಡಣ್ಣನನ್ನು ನೋಡಿದಳು.

“ಎಲ್ಲಾರ್ದಕ್ಕೂ. ಮೊದ್ಲು ನಮ್ಮನೇದಕ್ಕೆ.”

ದೊಡ್ಡಣ್ಣ ಟವೆಲ್ಲು ಕೊಡವಿ ಏರಿ ಇಳಿದು ಹೋದ. ಹಿಂದೆಯೇ ಒಬ್ಬೊಬ್ಬರಾಗಿ ಹಳ್ಳಿಯವರು ಹೋದರು. ಗಂಗಾಧರಯ್ಯನವರು ಕೈ ಮುಗಿದರು. ಆಕೆ ಅದನ್ನು ನೋಡಲೂ ಇಲ್ಲ. ಮನೆಗೆ ಹೋದಾಗ ಆಕೆಯ ಟ್ರಂಕು ಜಗಲಿಯ ಮೇಲಿತ್ತು. ನಾನೂ ನಮ್ಮ ಯಜಮಾನರೂ ಅದನ್ನು ಹೊತ್ತು ನಮ್ಮ ಮನೆಗೆ ತಂದೆವು.

ಕೆರೆಗೆ ಮಣ್ಣು ಬೀಳಲಿಲ್ಲ. ಬೀಳುವುದೇ ಇಲ್ಲವೆಂದು ಯಾರೂ ಬರೆದು ಕೊಡಲೂ ಇಲ್ಲ. ದೂರದಲ್ಲಿ ಲಾರಿಯ ಸದ್ದಾದರೆ ಆಕೆ ಒಲೆ ಬಿಟ್ಟು ಬೀದಿಗೆ ಬರುತ್ತಿದ್ದಳು. ಅತ್ತ ಅಧಿಕಾರಿ ಬರೆದುಕೊಂಡದ್ದು ಕಂದಾಯದವರ ಕೈಗೂ ಹೋಗಿ, ಗದ್ದೆಗಳು ತರಿಯಾದವು. ಊರಿನವರ ಸಿಟ್ಟೆಲ್ಲ ದೊಡ್ಡಣ್ಣನ ಮೇಲೆ ತಿರುಗಿತು. ಅತ್ತಿಗೆಯ ಬಾಯಿ ಕಟ್ಟಲಾಗದವನಿಗೆ ನೀರು ಯಾಕೆ ಎಂದರು. ತೂಬು ಎತ್ತಿ ಕಾಲುವೆಗೆ ನೀರು ಬಿಡುವ ನೀರುಗಂಟಿ ಅಂಜಿನಯ್ಯ, ಊರು ಹೇಳಿದ ಹಾಗೆ ದೊಡ್ಡಣ್ಣನ ಗದ್ದೆಗೆ ನೀರು ನುಗ್ಗುವ ಮಡೆಗೆ ಮಣ್ಣು ಮೆತ್ತಿ, ಅವನ ಸರದಿ ಹಾರಿಸಿದ. ಮೊದಲ ಗದ್ದೆಯೇ ಬಿರುಕು ಬಿಟ್ಟಿತು.

ಚಿಕ್ಕಲಕ್ಷ್ಮಮ್ಮ ಅಂಜಿನಯ್ಯನ ಮನೆಗೆ ಹೋಗಿ ಕೇಳಿದಳು. “ನನ್ನ ಕೈಯಾಗೇನೈತೆ ಲಕ್ಷ್ಮಕ್ಕ, ಊರ್ನ ಕೇಳು,” ಎಂದ. ಊರನ್ನು ಕೇಳಲು ಹೋದಳು. ಎಲ್ಲರೂ ಬಾಗಿಲಲ್ಲೇ ಮಾತು ಮುಗಿಸಿದರು. ದೊಡ್ಡಣ್ಣನ ಮನೆಯ ಮುಂದೆ ಮಾತ್ರ ನಿಲ್ಲಲಿಲ್ಲ, ಸೆರಗು ಎಳೆದುಕೊಂಡು ಬೇಗ ಬೇಗ ನಡೆದಳು.

ಮಳೆ ಸರಿಯಾಗಿ ಹಿಡಿಯದ ಆ ಮಳೆಗಾಲದಲ್ಲಿ ಆಕೆಗೆ ಚಳಿಜ್ವರ ಹತ್ತಿತು. ಆಸ್ಪತ್ರೆಯ ಔಷಧಿ ತಂದೆವು, ಇಳಿಯಲಿಲ್ಲ. ಗಂಗಾಧರಯ್ಯನವರು ಬಂದು ಚರಂಡಿಯನ್ನೂ ಬೇರೆ ಕಡೆಗೆ ತಿರುಗಿಸುತ್ತಾರಂತೆ ಎಂದು ಹೇಳಿದರು. ಅವರು ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು. ನೀರು ಬೇಕೇನೋ ಎಂದು ಲೋಟ ಹಿಡಿದೆ. ಬೇಡವೆಂದು ಕೈಯಿಂದ ಸರಿಸಿದಳು.

“ಬಸವ್ವ, ದೊಡ್ಡಣ್ಣನ ಗದ್ದೆಗೆ ನೀರು ಬಿಟ್ರಾ?”